ಗೋರಕ್ಷನ ವಜ್ರದೇಹ ಮತ್ತು ಯಂತ್ರಯುಗದ ಅಮರತ್ವ

ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮಪ್ರಭುವಿಗೂ ಸಿದ್ಧ ಗೋರಕ್ಷನಿಗೂ ನಡೆಯುವ ಮುಖಾಮುಖಿ ಶ್ರಾವಣ ಮಾಸದ ಪುರಾಣ ಕೇಳಿ ಬೆಳೆದವರಿಗೆ ಹೊಸದಲ್ಲ. ಗೋರಕ್ಷ ತನ್ನ ದೇಹವನ್ನು ಸಾಧನೆಯಿಂದ ವಜ್ರದಂತೆ ಮಾಡಿಕೊಂಡವನು. ಮುಪ್ಪಿಲ್ಲ, ಸಾವಿಲ್ಲ, ಗಾಯವಿಲ್ಲ. ಅದನ್ನು ತೋರಿಸಲೆಂದು ಕತ್ತಿಯನ್ನು ಅಲ್ಲಮನ ಕೈಗೆ ಕೊಟ್ಟು ಹೊಡೆಯೆನ್ನುತ್ತಾನೆ. ಅಲ್ಲಮ ಹೊಡೆದಾಗ ಲೋಹಕ್ಕೆ ಲೋಹ ತಾಗಿದಂತೆ ಸದ್ದಾಗುತ್ತದೆ, ಗೋರಕ್ಷನ ಕೂದಲೂ ಕೊಂಕುವುದಿಲ್ಲ. ಗೋರಕ್ಷ ಗೆದ್ದೆನೆಂದುಕೊಳ್ಳುತ್ತಾನೆ. ಅಲ್ಲಮನ ಲೆಕ್ಕದಲ್ಲಿ ಆ ಸದ್ದೇ ಸೋಲು. ಈಗ ಕತ್ತಿ ಗೋರಕ್ಷನ ಕೈಗೆ ಬರುತ್ತದೆ. ಅವನು ಎಷ್ಟು ಬೀಸಿದರೂ ಅದು ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಆಡಿದಂತೆ ಆಡಿ ಹೊರಗೆ ಬರುತ್ತದೆ. ತಾಗುವುದಕ್ಕೆ ಅಲ್ಲಿ ಏನೂ ಇಲ್ಲ.

ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ರಚಿತವಾದ ಈ ಕಾವ್ಯದ ಪ್ರಸಂಗವನ್ನು ಇಂದು ಮತ್ತೆ ಓದಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಗೋರಕ್ಷನ ಆಸೆ ಈಗ ಗುಹೆಯಿಂದ ಹೊರಬಂದು ಪ್ರಯೋಗಾಲಯವನ್ನು ಸೇರಿದೆ. ೧೯೫೭ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ ಒಂದು ಪ್ರಬಂಧ ಬರೆದು ಅದಕ್ಕೆ 'ಟ್ರಾನ್ಸ್‌ಹ್ಯೂಮನಿಸಂ' ಎಂದು ಹೆಸರಿಟ್ಟರು. ಮನುಷ್ಯ ತನ್ನ ಈಗಿನ ಮಿತಿಗಳನ್ನು ತಾನೇ ದಾಟಿ ಮುಂದೆ ಹೋಗಬಲ್ಲ ಎಂಬುದು ಅದರ ತಿರುಳು. ಹತ್ತು ವರ್ಷಗಳ ನಂತರ, ೧೯೬೭ರ ಜನವರಿಯಲ್ಲಿ, ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರಾಧ್ಯಾಪಕರು ತೀರಿಕೊಂಡಾಗ, ಮುಂದೊಂದು ದಿನ ವಿಜ್ಞಾನ ಎಬ್ಬಿಸೀತೆಂಬ ನಂಬಿಕೆಯಿಂದ ಅವರ ದೇಹವನ್ನು ಶೈತ್ಯದಲ್ಲಿ ಇಟ್ಟರು. ಅದು ಈಗಲೂ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿದೆ. ೨೦೪೫ರ ಹೊತ್ತಿಗೆ ಮನುಷ್ಯನ ಬುದ್ಧಿ ಮತ್ತು ಯಂತ್ರದ ಬುದ್ಧಿ ಒಂದಾಗಿ ಹೊಸ ಯುಗ ಬರುತ್ತದೆಂದು ರೇ ಕರ್ಜ್ವೈಲ್ ೨೦೦೫ರ ತಮ್ಮ ಪುಸ್ತಕದಲ್ಲಿ ಬರೆದರು. ೨೦೨೪ರ ಜನವರಿಯಲ್ಲಿ ನ್ಯೂರಾಲಿಂಕ್ ಎಂಬ ಕಂಪನಿ ಮೊದಲ ಬಾರಿಗೆ ಮನುಷ್ಯನ ಮಿದುಳಿನಲ್ಲಿ ತನ್ನ ಯಂತ್ರವನ್ನು ಕೂರಿಸಿತು.

ಇದನ್ನು ಬರಿಯ ವಿಜ್ಞಾನವೆಂದು ಕರೆದು ಬಿಟ್ಟರೆ ಅರ್ಧ ಮಾತು ಹೇಳಿದಂತಾಗುತ್ತದೆ. ಸಾವನ್ನು ಗೆಲ್ಲಬೇಕು, ಸತ್ತವರನ್ನು ಮರಳಿ ಪಡೆಯಬೇಕು, ಒಂದು ನಿಶ್ಚಿತ ದಿನ ಎಲ್ಲವೂ ಬದಲಾಗಬೇಕು ಎಂಬುವು ಮೊದಲಿಗೆ ಧರ್ಮದ ಆಸೆಗಳು. ರಷ್ಯದ ನಿಕೊಲಾಯ್ ಫ್ಯೊದೊರೊವ್ (೧೮೨೯-೧೯೦೩) ದೈವಭಕ್ತ ಕ್ರೈಸ್ತರು, ಮಾಸ್ಕೋದ ಗ್ರಂಥಾಲಯವೊಂದರಲ್ಲಿ ನೌಕರಿ ಮಾಡಿಕೊಂಡಿದ್ದವರು. ಸತ್ತ ತಂದೆ ತಾತಂದಿರನ್ನೆಲ್ಲ ವಿಜ್ಞಾನದ ಬಲದಿಂದ ಎಬ್ಬಿಸುವುದೇ ಮಾನವಕುಲದ ಕರ್ತವ್ಯವೆಂದು ಅವರು ವಾದಿಸಿದರು. ಪುನರುತ್ಥಾನವನ್ನು ದೇವರ ಮೇಲೆ ಬಿಟ್ಟು ಕೈಕಟ್ಟಿ ಕೂರುವುದು ಅವರಿಗೆ ಮಕ್ಕಳ ಸೋಮಾರಿತನವೆಂದು ತೋರಿತು.

ನಮ್ಮ ಕನ್ನಡಕ್ಕೂ ಈ ಬಗೆಯ ಆಸೆ ಇನ್ನೊಂದು ದಾರಿಯಿಂದ ಬಂದಿದೆ. ಮನುಷ್ಯ ವಿಕಾಸದ ಕೊನೆಯ ಮೆಟ್ಟಿಲಲ್ಲ, ನಡುವಿನ ಮೆಟ್ಟಿಲು. ಅತಿಮಾನಸ ಶಕ್ತಿ ಇಳಿದು ಬಂದಾಗ ದೇಹವೂ ರೂಪಾಂತರಗೊಳ್ಳುತ್ತದೆ ಎಂಬುದು ಶ್ರೀ ಅರವಿಂದರ ದರ್ಶನ. ಹಲಸಂಗಿಯ ಮಧುರಚೆನ್ನರು, ಬೇಂದ್ರೆ, ವಿ.ಕೃ. ಗೋಕಾಕರು ಈ ದರ್ಶನಕ್ಕೆ ಮನಸೋತವರು. ೧೯೯೦ರ ಜ್ಞಾನಪೀಠ ಪ್ರಶಸ್ತಿ ಗೋಕಾಕರಿಗೆ ಬಂದಾಗ ನಾಡು ಕೊಂಡಾಡಿದ 'ಭಾರತ ಸಿಂಧುರಶ್ಮಿ'ಯ ಹಿಂದೆಯೂ ಅದರ ಬೆಳಕಿದೆ. ಅದೇ ಗೋಕಾಕರು ೧೯೮೧ರಲ್ಲಿ ನಮ್ಮ ಸೀಮೆಯ ಪುಟ್ಟಪರ್ತಿಯ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರೆಂಬುದು ಅನಂತಪುರದ ಕನ್ನಡಿಗರಿಗೆ ನೆನಪಿರುವ ಸಂಗತಿ. ಅರವಿಂದರು ೧೯೫೦ರ ಡಿಸೆಂಬರ್ ೫ರಂದು ತೀರಿಕೊಂಡರು. ದೇಹವೇ ದಿವ್ಯವಾಗುವುದೆಂದು ಕಾದಿದ್ದ ಭಕ್ತರಿಗೆ ಆ ದಿನ ಸಣ್ಣ ಪೆಟ್ಟಲ್ಲ. ಆದರೂ ನಂಬಿಕೆ ಉಳಿಯಿತು. ನಂಬಿಕೆಗೆ ಇರುವ ಈ ಶಕ್ತಿ ಯಂತ್ರವನ್ನು ನಂಬಿದವರಿಗೂ ಇದೆ. ತಾರೀಖು ಮುಂದೆ ಹೋಗಬಹುದು, ಆಸೆ ಹೋಗುವುದಿಲ್ಲ.

ಗೋರಕ್ಷನ ಬಳಿಗೆ ಮರಳೋಣ. ಅವನನ್ನು ಬರಿಯ ಮಂತ್ರವಾದಿಯೆಂದು ತಿಳಿಯುವುದು ಅನ್ಯಾಯ. ಸಿದ್ಧರದು ಅವರ ಕಾಲದ ತಂತ್ರಜ್ಞಾನ. ಪಾದರಸವನ್ನು ಶುದ್ಧಿ ಮಾಡಿ, ಅಭ್ರಕದೊಡನೆ ಸೇರಿಸಿ, ಕೀಳು ಲೋಹವನ್ನು ಚಿನ್ನ ಮಾಡುವ ರಸವೇ ದೇಹವನ್ನೂ ಕೆಡದಂತೆ ಮಾಡುತ್ತದೆಂದು ರಸಸಿದ್ಧರು ನಂಬಿದ್ದರು. ಒಲೆ, ಮೂಸೆ, ಅಳತೆ, ಪರೀಕ್ಷೆ ಎಲ್ಲ ಅವರಲ್ಲಿತ್ತು. ಅದರ ಜೊತೆಗೆ ಉಸಿರನ್ನು ಕಟ್ಟುವ ಹಠಯೋಗ ನಾಥರದು. ಶ್ರೀಶೈಲ ಈ ವಿದ್ಯೆಗೆ ಹೆಸರಾದ ನೆಲೆ. ಸಿದ್ಧ ನಾಗಾರ್ಜುನನ ಕಥೆಗಳು ಆ ಬೆಟ್ಟವನ್ನು ಸುತ್ತಿಕೊಂಡಿವೆ. ಕಾಸರಗೋಡಿನ ಓದುಗರಿಗೆ ಇನ್ನೂ ಹತ್ತಿರದ್ದು ಮಂಗಳೂರಿನ ಕದ್ರಿ. ಆಳುಪ ದೊರೆ ಕುಂದವರ್ಮ ೯೬೮ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿರುವ ಆ ದೇವಾಲಯದ ಮಗ್ಗುಲಲ್ಲೇ ಜೋಗಿಮಠವಿದೆ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ನಾಥ ಜೋಗಿಗಳು ಕಾಲ್ನಡಿಗೆಯಲ್ಲಿ ಬಂದು ಅಲ್ಲಿ ಹೊಸ ಅರಸನಿಗೆ ಪಟ್ಟ ಕಟ್ಟುತ್ತಾರೆ. ಶ್ರೀಶೈಲದ ಕದಳೀವನ ಒಂದು ತುದಿ, ಕದ್ರಿ ಇನ್ನೊಂದು ತುದಿ. ಗೋರಕ್ಷ ಎರಡೂ ಗಡಿಗಳವರಿಗೆ ನೆರೆಯವನೇ.

ಈ ಪ್ರಸಂಗಕ್ಕೆ ನಮ್ಮಲ್ಲಿ ಎರಡು ಸುಲಭದ ಓದುಗಳಿವೆ. ಒಂದು, ಶರಣ ಗೆದ್ದ, ನಾಥ ಸೋತ ಎಂಬ ಮತದ ಓದು. ಅದನ್ನು ಒಪ್ಪಲು ಒಂದು ತೊಡಕಿದೆ. ಸ್ವಾತ್ಮಾರಾಮನ 'ಹಠಪ್ರದೀಪಿಕೆ'ಯಲ್ಲಿ ಕಾಲದಂಡವನ್ನು ಮುರಿದು ಲೋಕದಲ್ಲಿ ಸಂಚರಿಸುವ ಸಿದ್ಧರ ಪಟ್ಟಿಯೊಂದಿದೆ. ಅದರಲ್ಲಿ ಗೋರಕ್ಷನ ಹೆಸರಿದೆ, ಅಲ್ಲಮಪ್ರಭುವಿನ ಹೆಸರೂ ಇದೆ. ಅಂದರೆ ಯಾರು ವಜ್ರದೇಹವನ್ನು ಬೇಡವೆಂದನೋ ಅವನನ್ನೇ ಆ ಪರಂಪರೆ ಸಾವನ್ನು ಗೆದ್ದವನೆಂದು ಎದೆಗೆ ಅಪ್ಪಿಕೊಂಡಿದೆ. ಗೆದ್ದವರಾರು ಸೋತವರಾರು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಎರಡನೆಯದು, ಇವತ್ತಿನ ವಿಜ್ಞಾನ ಹೇಳುವುದೆಲ್ಲ ನಮ್ಮ ಸಿದ್ಧರಿಗೆ ಮೊದಲೇ ಗೊತ್ತಿತ್ತು ಎಂಬ ಹೆಮ್ಮೆಯ ಓದು. ಇದು ಇನ್ನೂ ದುರ್ಬಲ. ಪಾದರಸ ವಿಷವೆಂಬುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಅಮರರಾಗಲು ಅದನ್ನು ತಿಂದವರು ಏನಾಗಿರಬಹುದೆಂದು ಊಹಿಸಲು ಹೆಚ್ಚು ಓದಬೇಕಿಲ್ಲ. ಸಿದ್ಧರಿಗೂ ಇಂದಿನವರಿಗೂ ಸಮಾನವಾದದ್ದು ಜ್ಞಾನವಲ್ಲ, ಬಯಕೆ.

ಹಾಗಾದರೆ ಕತ್ತಿಯ ಸದ್ದಿನ ಅರ್ಥವೇನು? ಗಟ್ಟಿಯಾದದ್ದು ಮಾತ್ರ ಸದ್ದು ಮಾಡುತ್ತದೆ. ಗೋರಕ್ಷ ದೇಹವನ್ನು ಗೆದ್ದೆನೆಂದು ತಿಳಿದ. ನಿಜದಲ್ಲಿ ಅವನು ದೇಹಕ್ಕೆ ಇನ್ನೂ ಬಿಗಿಯಾಗಿ ಕಟ್ಟಿಕೊಂಡ. ಸಾಯುವ ಭಯದಿಂದ ಶುರುವಾದ ಸಾಧನೆ ಭಯವನ್ನು ಕರಗಿಸಲಿಲ್ಲ, ಅದಕ್ಕೊಂದು ಕವಚ ತೊಡಿಸಿತು. ಕವಚದ ಒಳಗೆ 'ನಾನು' ಎಂಬುದು ಕ್ಷೇಮವಾಗಿ ಕುಳಿತಿದೆ. ಇಂದಿನ ಅಮರತ್ವವಾದಿಗಳ ಮಾತಿನಲ್ಲಿಯೂ ಈ 'ನಾನು' ಒಂದನ್ನು ಬಿಟ್ಟು ಉಳಿದದ್ದೆಲ್ಲ ಬದಲಾಗುತ್ತದೆ. ದೇಹ ಬದಲಾಗಬಹುದು, ಹೃದಯ ಬದಲಾಗಬಹುದು, ಮಿದುಳನ್ನೇ ಯಂತ್ರಕ್ಕೆ ಇಳಿಸಬಹುದು. 'ನಾನು' ಮಾತ್ರ ಖಾತೆ ಬದಲಾದರೂ ಬಾಕಿ ಉಳಿದ ಮೊತ್ತದಂತೆ ಮುಂದಕ್ಕೆ ಹೋಗುತ್ತಲೇ ಇರಬೇಕು. ಅಲ್ಲಮನ ಪ್ರಶ್ನೆ ನೇರವಾಗಿ ಈ ಬಾಕಿಯ ಮೇಲೆಯೇ ಇದೆ.

ಇಷ್ಟು ಹೇಳಿದ ಮೇಲೆ ಚಾಮರಸನ ಕಾವ್ಯದ ಒಂದು ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆ ಭಜನೆಯಾದೀತು. ಗೋರಕ್ಷನ ಪವಾಡವನ್ನು ಕವಿ ಅದಕ್ಕಿಂತ ದೊಡ್ಡ ಪವಾಡದಿಂದ ಸೋಲಿಸುತ್ತಾನೆ. ಕತ್ತಿ ತಾಗದ ದೇಹಕ್ಕಿಂತ ಕತ್ತಿ ಹಾದುಹೋಗುವ ದೇಹ ಇನ್ನೂ ದೊಡ್ಡ ಸಿದ್ಧಿಯಲ್ಲವೇ? ಕೇಳುವವನು ಬೆರಗಾಗುತ್ತಾನೆ, ಆದರೆ ಅವನ ಮನಸ್ಸು ಗೋರಕ್ಷನ ಆಸೆಯನ್ನು ಬಿಡುವುದಿಲ್ಲ. ಗುರುವನ್ನು ಮಾತ್ರ ಬದಲಿಸುತ್ತದೆ. ಗೂಳೂರು ಸಿದ್ಧವೀರಣಾರ್ಯರ 'ಶೂನ್ಯಸಂಪಾದನೆ'ಯಲ್ಲಿ ಇದೇ ಗೋರಕ್ಷನ ಸಂಗತಿ ವಚನಗಳ ಸಂವಾದವಾಗಿ ಬರುತ್ತದೆ. ಅಲ್ಲಿ ಭಾರ ಕತ್ತಿಯ ಮೇಲಲ್ಲ, ಮಾತಿನ ಮೇಲೆ. ಗೋರಕ್ಷ ಕೇಳುತ್ತಾನೆ, ಅಲ್ಲಮ ಹೇಳುತ್ತಾನೆ, ಸೋಲು ಗೆಲುವಿಗಿಂತ ಅರಿವು ಮುಖ್ಯವಾಗುತ್ತದೆ. ಬೆರಗಿಗೆ ಷಟ್ಪದಿ, ವಿಚಾರಕ್ಕೆ ಸಂಪಾದನೆ ಎಂದರೆ ತಪ್ಪಾಗಲಾರದು.

ಆದರೂ ನನಗೆ ಒಂದು ಪ್ರಶ್ನೆ ಉಳಿದೇ ಇತ್ತು. ಬಯಲಾಗುವುದು ಎಂದರೆ ಮನುಷ್ಯನಿಗೆ ನೋವೇ ಆಗದಿರುವುದೇ? ಹಾಗಾದರೆ ಅದೂ ಒಂದು ಬಗೆಯ ವಜ್ರದೇಹವೇ ಆಯಿತು. ಉತ್ತರಕ್ಕೆ ಚಾಮರಸನಿಗಿಂತ ಹಿಂದೆ, ಹರಿಹರನ 'ಪ್ರಭುದೇವರ ರಗಳೆ'ಗೆ ಹೋಗಬೇಕು. ಚಾಮರಸನ ಅಲ್ಲಮ ಮಾಯೆ ಮುಟ್ಟಲಾಗದ ಮಹಾಮಹಿಮ. ಹರಿಹರನ ಅಲ್ಲಮ ಬಳ್ಳಿಗಾವೆಯಲ್ಲಿ ಮದ್ದಳೆ ಬಾರಿಸುವ ಹುಡುಗ. ಕಮಲತೆಯನ್ನು ಪ್ರೀತಿಸಿ ಕೈಹಿಡಿಯುತ್ತಾನೆ. ಆಕೆ ಜ್ವರ ಬಂದು ಸಾಯುತ್ತಾಳೆ. ಅವನು ಹುಚ್ಚನಂತೆ ಅಲೆಯುತ್ತಾನೆ. ಹಾಗೆ ಕುಳಿತು ಕಾಲುಗುರಿನಿಂದ ಮಣ್ಣು ಕೆದಕುತ್ತಿದ್ದಾಗ ಹೂತುಹೋದ ಗುಡಿಯೊಂದರ ಕಳಸ ಕಾಣುತ್ತದೆ. ಅಗೆಸಿ ಒಳಗೆ ಹೋದರೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಒಂದು ಸಾವಿನಿಂದ ಶುರುವಾಗಿ ಇನ್ನೊಂದು ಸಾವಿನಲ್ಲಿ ಅರಿವು ಕೈಗೆ ಬರುವ ಕಥೆ ಇದು.

ಎರಡು ಕೃತಿಗಳನ್ನು ಜೊತೆಗಿಟ್ಟು ಓದಿದರೆ ಕತ್ತಿಯ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಗೋರಕ್ಷನ ಕತ್ತಿ ಅಲ್ಲಮನನ್ನು ಕೊಯ್ಯದೆ ಹೋದದ್ದು ಅವನ ಮೈ ಮಾಯದ್ದೆಂಬ ಕಾರಣಕ್ಕಲ್ಲ. ಬಳ್ಳಿಗಾವೆಯಲ್ಲಿ ಅವನು ಆಗಲೇ ಕೊಯ್ಯಿಸಿಕೊಂಡವನು. ದುಃಖ ಅವನ ಮೂಲಕ ಪೂರ್ತಿ ಹಾದುಹೋಗಿದೆ. ಗೋರಕ್ಷ ದುಃಖ ಬಾರದಂತೆ ಗೋಡೆ ಕಟ್ಟಿದವನು, ಅಲ್ಲಮ ಬಂದ ದುಃಖಕ್ಕೆ ಬಾಗಿಲು ತೆರೆದವನು. ಚಾಮರಸ ಕಮಲತೆಯ ಸಾವನ್ನು ಕೈಬಿಟ್ಟದ್ದರಿಂದ ಅಲ್ಲಮ ದೊಡ್ಡವನಾದ, ಆದರೆ ನಮಗೆ ದೂರದವನಾದ ಎಂಬುದು ನನ್ನ ಅಭಿಪ್ರಾಯ.

ದುಃಖದ ಮಾತು ಬಂದದ್ದರಿಂದ ಹೇಳುತ್ತೇನೆ. ಕರ್ಜ್ವೈಲ್ ಅವರ ತಂದೆ ಸಂಗೀತಗಾರರು, ೧೯೭೦ರಲ್ಲಿ ತೀರಿಕೊಂಡರು. ಅವರ ಪತ್ರ, ಸಂಗೀತದ ಹಾಳೆ, ಕಾಗದಪತ್ರಗಳನ್ನೆಲ್ಲ ಮಗ ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳಿಂದ ತಂದೆಯಂತೆ ಮಾತನಾಡುವ ಯಂತ್ರವನ್ನು ಮಾಡುವ ಆಸೆ ಅವರದು. ಈ ಸಂಗತಿ ಓದಿದ ದಿನ ನನಗೆ ನಗು ಬರಲಿಲ್ಲ. ಬೆಳುಗುಪ್ಪದ ನಮ್ಮ ಮನೆಯ ಅಟ್ಟದ ಮೇಲೆಯೂ ಅಂಥ ಒಂದು ಪೆಟ್ಟಿಗೆಯಿದೆ. ಅಪ್ಪ ಪ್ರತಿ ಶ್ರಾವಣದಲ್ಲಿ ಪ್ರಭುಲಿಂಗಲೀಲೆ ಓದಿ ಅರ್ಥ ಹೇಳುತ್ತಿದ್ದರು. ಕನ್ನಡದಲ್ಲಿ ಓದು, ಅರ್ಥ ಹೇಳುವಾಗ ಅರ್ಧ ತೆಲುಗು. ಯಾರೋ ಟೇಪು ಮಾಡಿದ ಹನ್ನೊಂದು ಕ್ಯಾಸೆಟ್ ಉಳಿದಿವೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹೋದ ವರ್ಷ ಅವನ್ನು ಕೇಳಿ, "ಮಾಮ, ತಾತನ ದನಿ ಇಷ್ಟಿದ್ದರೆ ಸಾಕು. ನೀವು ಏನು ಬರೆದುಕೊಟ್ಟರೂ ತಾತನೇ ಓದಿದ ಹಾಗೆ ಮಾಡಿಕೊಡ್ತೀನಿ" ಎಂದ. ಪ್ರೀತಿಯಿಂದ ಹೇಳಿದ ಮಾತು. ಒಂದು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೇಕು ಎಂದು ಮನಸ್ಸು ಎಷ್ಟು ಬಲವಾಗಿ ಹೇಳಿತೆಂಬುದನ್ನು ಒಪ್ಪಿಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಗೋರಕ್ಷನನ್ನು ಹಳಿಯುವುದು ಪುರಾಣದಲ್ಲಿ ಸುಲಭ, ಅಟ್ಟದ ಕೆಳಗೆ ನಿಂತಾಗ ಕಷ್ಟ.

ಮಲಯಾಳದ ಓದುಗರು ೨೦೧೯ರಲ್ಲಿ ಬಂದ 'ಆಂಡ್ರಾಯ್ಡ್ ಕುಞ್ಞಪ್ಪನ್' ಚಿತ್ರವನ್ನು ಮರೆತಿರಲಾರರು. ಪಯ್ಯನ್ನೂರಿನ ಕಡೆಯ ಮುದುಕ, ರಷ್ಯಕ್ಕೆ ಕೆಲಸಕ್ಕೆ ಹೋದ ಮಗ, ಮಗ ತಂದೊಪ್ಪಿಸಿದ ಯಂತ್ರಮಾನವ. ಮೊದಲು ಸಿಡುಕಿದ ಮುದುಕ ಕ್ರಮೇಣ ಅದನ್ನೇ ಮಗನಂತೆ ಹಚ್ಚಿಕೊಳ್ಳುತ್ತಾನೆ. ಯಂತ್ರಕ್ಕೆ ಜೀವವಿದೆಯೇ ಎಂಬುದಕ್ಕಿಂತ, ಬದುಕಿರುವ ಮಗ ಏಕೆ ಅಲ್ಲಿರಲಿಲ್ಲ ಎಂಬುದು ಆ ಚಿತ್ರ ನಮ್ಮಲ್ಲಿ ಉಳಿಸುವ ಪ್ರಶ್ನೆ. ಮಕ್ಕಳು ದೂರ ಹೋದ ಮನೆಗಳು ಕಾಸರಗೋಡಿನಲ್ಲಿಯೂ ಇವೆ, ಕಲ್ಯಾಣದುರ್ಗದಲ್ಲಿಯೂ ಇವೆ.

ತಂತ್ರಜ್ಞಾನವನ್ನೇ ಬೇಡವೆನ್ನುವುದು ನನ್ನ ವಾದವಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕಿ ಮೊಮ್ಮಗನ ಮುಖ ನೋಡಿದ್ದು, ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ಹೊಲಕ್ಕೆ ಹೋಗುವುದು ನನಗೆ ಯಾವ ಪವಾಡಕ್ಕೂ ಕಡಿಮೆಯಲ್ಲ. ನೋವನ್ನು ಕಳೆಯುವ ವಿದ್ಯೆ ಬೇರೆ, ಸಾವನ್ನೇ ಇಲ್ಲವೆನ್ನುವ ಆಸೆ ಬೇರೆ. ಮೊದಲನೆಯದು ನಮ್ಮ ಹಳ್ಳಿಗಳಿಗೆ ಇನ್ನೂ ಪೂರ್ತಿ ಬಂದಿಲ್ಲದಿರುವಾಗ ಎರಡನೆಯದರ ಮಾತು ಯಾರ ಸಲುವಾಗಿ ಎಂದು ಕೇಳಬೇಕಾಗುತ್ತದೆ. ನವೆಂಬರ್ ಬಂದರೆ ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣ ಕೊಡಲು ಸಾಲುಗಟ್ಟಿ ನಿಲ್ಲುತ್ತಾರೆ. ಕಡಲೆಕಾಯಿ ಕಿತ್ತು ಸವೆದ ಹೆಬ್ಬೆಟ್ಟನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಎದುರಿಗೆ ನಿಂತು ಮಾತಾಡುತ್ತಿರುವವಳನ್ನೇ ಬದುಕಿದ್ದಾಳೆಂದು ಒಪ್ಪದ ಯಂತ್ರ, ಸತ್ತವರನ್ನು ಬದುಕಿಸುತ್ತದೆಂದು ನಂಬುವುದು ಆ ಸಾಲಿನಲ್ಲಿ ನಿಂತವರಿಗೆ ಕಷ್ಟ.

ನಮ್ಮ ಜಿಲ್ಲೆಯಲ್ಲೇ ವಜ್ರಕರೂರು ಇದೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ತಲೆ ಬಗ್ಗಿಸಿ ವಜ್ರ ಹುಡುಕುತ್ತಾರೆ. ಸಿಕ್ಕವರ ಕೈಯಲ್ಲಿ ಅದು ಉಳಿಯುವುದು ಕಡಿಮೆ, ಕೊಳ್ಳುವವರ ಪಾಲಾಗುತ್ತದೆ. ವಜ್ರದ ದೇಹಕ್ಕೂ ಬೇರೆ ಗತಿ ಬಂದೀತೆಂದು ನನಗೆ ತೋರುವುದಿಲ್ಲ. ಸಿದ್ಧನಾಗಲು ಗೋರಕ್ಷ ಕೊನೆಗೆ ತನ್ನ ಉಸಿರನ್ನಾದರೂ ಸವೆಸಿದ. ಇಂದಿನ ಸಿದ್ಧಿಗೆ ಹಣವಿದ್ದರೆ ಸಾಕು.

ಕೊನೆಯದಾಗಿ, ಗಡಿಯಲ್ಲಿರುವ ನಮಗೆ ಈ ಪ್ರಸಂಗ ದೇಹದ ಬಗೆಗಷ್ಟೇ ಅಲ್ಲ, ಭಾಷೆಯ ಬಗೆಗೂ ಒಂದು ಮಾತು ಹೇಳುತ್ತದೆ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರಕ್ಕೆ ಸೇರಿದವು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಾವು ಕನ್ನಡವನ್ನು ಉಳಿಸುವ ಮಾತನ್ನೇ ಆಡುತ್ತಿದ್ದೇವೆ. ಉಳಿಸುವುದು ಎರಡು ಬಗೆ. ಯಾರೂ ಮುಟ್ಟದಂತೆ, ಮಾಸದಂತೆ, ಪೆಟ್ಟಿಗೆಯಲ್ಲೋ ಯಂತ್ರದಲ್ಲೋ ಇಡುವುದು ಗೋರಕ್ಷನ ಬಗೆ. ಅದನ್ನು ಬಡಿದರೆ ಗಟ್ಟಿಯಾಗಿಯೇ ಸದ್ದು ಮಾಡುತ್ತದೆ, ಆದರೆ ಒಳಗೆ ಯಾರೂ ಇರುವುದಿಲ್ಲ. ಪ್ರಭುಲಿಂಗಲೀಲೆಯೇ ಬೇರೆ ಬಗೆಯಲ್ಲಿ ಬದುಕಿತು. ಪಿಡುಪರ್ತಿ ಸೋಮನಾಥನಿಂದ ತೆಲುಗಾಯಿತು, ಶಿವಪ್ರಕಾಶರಿಂದ ತಮಿಳಾಯಿತು. ನಮ್ಮ ಊರಿನಲ್ಲಿ ಕನ್ನಡದ ಪದ್ಯಕ್ಕೆ ತೆಲುಗಿನ ಅರ್ಥ ಹೇಳಿಸಿಕೊಂಡಿತು. ಅಪ್ಪನ ಓದಿನಲ್ಲಿ ತಪ್ಪುಗಳಿದ್ದವು, ಪ್ರಾಸ ತಪ್ಪುತ್ತಿತ್ತು, ಕೆಲವು ಪದಗಳಿಗೆ ಅವರು ಹೇಳುತ್ತಿದ್ದ ಅರ್ಥ ನಿಘಂಟಿನಲ್ಲಿ ಇಲ್ಲ. ಆದರೆ ಅದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತಿತ್ತು.

ತಂಗಿಯ ಮಗನಿಗೆ ಕ್ಯಾಸೆಟ್‌ಗಳನ್ನು ಕೊಟ್ಟೆ. ಸದ್ದು ಶುದ್ಧಿ ಮಾಡಿ ಎಲ್ಲರ ಫೋನಿಗೂ ಹಾಕಿಕೊಡು ಎಂದೆ. ಅಪ್ಪ ಓದಿದ್ದಷ್ಟು ಸಾಕು, ಓದದೆ ಇದ್ದದ್ದನ್ನು ಓದಿಸಬೇಡ ಎಂದೂ ಹೇಳಿದೆ. ಅವನಿಗೆ ಸ್ವಲ್ಪ ಬೇಸರವಾಯಿತು. ಹನ್ನೊಂದನೆಯ ಕ್ಯಾಸೆಟ್ ಗೋರಕ್ಷನ ಪ್ರಸಂಗದ ನಡುವೆಯೇ ಮುಗಿಯುತ್ತದೆ, ಕತ್ತಿ ಇನ್ನೂ ಅಲ್ಲಮನ ಕೈಯಲ್ಲಿರುವಾಗ. ಮುಂದಿನ ಪದ್ಯಗಳನ್ನು ಈ ಶ್ರಾವಣದಲ್ಲಿ ಮನೆಯಲ್ಲಿ ನಾನು ಓದಿದೆ. ತೆಲುಗು ಮೀಡಿಯಂನಲ್ಲಿ ಓದುವ ನನ್ನ ಮಗಳು ಪಕ್ಕದಲ್ಲಿ ಕುಳಿತು ನಾನು ತಪ್ಪಿದ ಕಡೆ ನಕ್ಕಳು, ಎರಡು ಪದ್ಯ ತಾನೂ ಓದಿದಳು. ಅವಳು ಹೇಳಿದ ಅರ್ಥ ಪೂರ್ತಿ ತೆಲುಗಿನಲ್ಲಿತ್ತು. ಅದು ಸರಿಯಾಗಿಯೇ ಇತ್ತು.